313ನೇ ಫ್ರೇಮಿನ ರಕ್ತಜ್ಯೋತಿಷ್ಯ

ಇಪ್ಪತ್ತಾರು ಸೆಕೆಂಡಿನ ಸಿನಿಮಾ. ಮಾತಿಲ್ಲ, ಹಾಡಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ತೆಗೆದವರು ಡಲ್ಲಾಸ್‌ನಲ್ಲಿ ಹೆಂಗಸರ ಉಡುಪು ತಯಾರಿಸುತ್ತಿದ್ದ ಅಬ್ರಹಾಂ ಜಪ್ರೂಡರ್. ಅವರಿಗೆ ತಲೆಸುತ್ತಿನ ತೊಂದರೆ. ಕಾಂಕ್ರೀಟ್ ಕಟ್ಟೆ ಹತ್ತಿ ನಿಂತಾಗ ಬೀಳದಿರಲೆಂದು ಆಫೀಸಿನ ರಿಸೆಪ್ಷನಿಸ್ಟ್ ಅವರನ್ನು ಹಿಂದಿನಿಂದ ಹಿಡಿದುಕೊಂಡಿದ್ದರು. ಅಂಥ ಕೈಯಲ್ಲಿ ಬೆಲ್ ಅಂಡ್ ಹೋವೆಲ್ ಕಂಪನಿಯ 8 ಎಂ.ಎಂ. ಕ್ಯಾಮೆರಾ. 1963ರ ನವೆಂಬರ್ 22, ಮಧ್ಯಾಹ್ನ ಹನ್ನೆರಡೂವರೆ. ಎದುರಿಗೆ, ಇನ್ನು ಕ್ಷಣದಲ್ಲಿ ಗುಂಡೇಟು ತಿನ್ನಲಿರುವ ಅಮೆರಿಕದ ಅಧ್ಯಕ್ಷ ಕೆನಡಿಯವರ ತೆರೆದ ಕಾರು. ಮುಂದೆ 1999ರಲ್ಲಿ ಈ ಸುರುಳಿಗೆ ಅಮೆರಿಕ ಸರ್ಕಾರ ತೆತ್ತ ಬೆಲೆ ಒಂದು ಕೋಟಿ ಅರವತ್ತು ಲಕ್ಷ ಡಾಲರ್. ಸೆಕೆಂಡಿಗೆ ಆರು ಲಕ್ಷ ಡಾಲರಿಗೂ ಮೇಲಾಯಿತು. ನಮ್ಮ ಯಾವ ಪ್ಯಾನ್ ಇಂಡಿಯಾ ಹೀರೋ ಕೂಡ ಇನ್ನೂ ಈ ರೇಟು ಕೇಳಿಲ್ಲ.

ಇದರಲ್ಲಿರುವ ಫ್ರೇಮುಗಳು 486. ಪಂಡಿತರ ಕಣ್ಣು ಬಿದ್ದಿರುವುದು ಹೆಚ್ಚಾಗಿ ಒಂದರ ಮೇಲೆ: 313. ಅಲ್ಲಿ ಕೆನಡಿಯವರ ತಲೆಯ ಬಲಭಾಗದಿಂದ ಮುಂದಕ್ಕೂ ಮೇಲಕ್ಕೂ ಕೆಂಪು ಮಂಜಿನಂಥದ್ದೊಂದು ಏಳುತ್ತದೆ. ನಾಲ್ಕಾರು ಫ್ರೇಮು ಕಳೆಯುವಷ್ಟರಲ್ಲಿ ಅದು ಕರಗಿಹೋಗಿರುತ್ತದೆ. ಕ್ಯಾಮೆರಾ ಸೆಕೆಂಡಿಗೆ ಸುಮಾರು 18.3 ಫ್ರೇಮು ಹಿಡಿಯುತ್ತಿತ್ತು. ಅಂದರೆ ಆ ಮಂಜಿನ ಆಯುಸ್ಸು ಅರ್ಧ ಸೆಕೆಂಡಿಗಿಂತ ಕಡಿಮೆ. ಅದರ ಜಾತಕ ಬರೆಯುವುದರಲ್ಲಿ ಅರವತ್ತು ವರ್ಷ ದಾಟಿದೆ. ಕುಂಡಲಿ ಹಾಕಿದವರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ ಇದ್ದಾರೆ, ತತ್ವಶಾಸ್ತ್ರದ ಮೇಷ್ಟ್ರಿದ್ದಾರೆ, ಹಾಲಿವುಡ್ ನಿರ್ದೇಶಕರಿದ್ದಾರೆ, ನಿವೃತ್ತ ಪೊಲೀಸರಿದ್ದಾರೆ. ಗ್ರಹ ಒಂದೇ, ಫಲ ಮಾತ್ರ ಎರಡು.

ಈ ವಿದ್ವಾಂಸರಲ್ಲಿ ಎರಡು ಮತಗಳಿವೆ. ಒಂದು ಹಿಂಗುಂಡು ಮತ: ಗುಂಡು ಬಂದದ್ದು ಹಿಂದಿನಿಂದ, ಪಠ್ಯಪುಸ್ತಕ ಗೋದಾಮಿನ ಆರನೇ ಮಹಡಿಯಿಂದ, ಲೀ ಹಾರ್ವೆ ಆಸ್ವಾಲ್ಡ್‌ನ ಬಂದೂಕಿನಿಂದ. 1964ರಲ್ಲಿ ವಾರೆನ್ ಆಯೋಗ ಹೇಳಿದ್ದೂ ಇದನ್ನೇ. ಇನ್ನೊಂದು ಮುಂಗುಂಡು ಮತ: ಬಂದದ್ದು ಮುಂದಿನಿಂದ, ಬಲಗಡೆಯ ಹುಲ್ಲುದಿಬ್ಬದ ಬೇಲಿಯ ಮರೆಯಿಂದ. ಎರಡು ಮತಗಳಿಗೂ ಪ್ರಮಾಣ ಗ್ರಂಥ ಒಂದೇ, 313. ದ್ವೈತಿಗಳೂ ಅದ್ವೈತಿಗಳೂ ಒಂದೇ ಸೂತ್ರಕ್ಕೆ ಭಾಷ್ಯ ಬರೆದು ಬಡಿದಾಡಿದ ನಾಡಿನವರಾದ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ.

ಶಾಸ್ತ್ರದ ಮೂಲಪಾಠ ಬಹಳ ಸರಳ. ಗುಂಡು ದೇಹದ ಒಳಹೊಕ್ಕ ಕಡೆಯಿಂದ ಸ್ವಲ್ಪ ರಕ್ತ ಬಂದೂಕಿನತ್ತ ವಾಪಸು ಚಿಮ್ಮುತ್ತದೆ. ಅದು ಬ್ಯಾಕ್ ಸ್ಪ್ಯಾಟರ್. ಹೊರಬಿದ್ದ ಕಡೆಯಿಂದ ಗುಂಡಿನ ಜೊತೆಗೇ ಹೆಚ್ಚು ರಕ್ತ ಚಿಮ್ಮುತ್ತದೆ. ಅದು ಫಾರ್ವರ್ಡ್ ಸ್ಪ್ಯಾಟರ್. ಇಷ್ಟು ಗೊತ್ತಿದ್ದರೆ ಮುಗಿಯಿತು, 313ನ್ನು ಓದಬಹುದು. ಹಿಂಗುಂಡಿನವರು ಓದುತ್ತಾರೆ: "ನೋಡಿ, ಮಂಜು ಮುಂದಕ್ಕಿದೆ, ಆದ್ದರಿಂದ ಅದು ಫಾರ್ವರ್ಡ್ ಸ್ಪ್ಯಾಟರ್, ಆದ್ದರಿಂದ ಗುಂಡು ಹಿಂದಿನಿಂದ." ಮುಂಗುಂಡಿನವರೂ ಓದುತ್ತಾರೆ: "ನೋಡಿ, ಮಂಜು ಮುಂದಕ್ಕಿದೆ, ಎಷ್ಟು ಬೇಗ ಮಾಯವಾಯಿತು ನೋಡಿ, ಆದ್ದರಿಂದ ಅದು ಬ್ಯಾಕ್ ಸ್ಪ್ಯಾಟರ್, ಆದ್ದರಿಂದ ಗುಂಡು ಮುಂದಿನಿಂದ." ಮಂಜು ಬಡಪಾಯಿ. ಅದಕ್ಕೆ ಬಾಯಿಲ್ಲ.

ಈ ವಿದ್ಯೆಯನ್ನು ನಿಯತ್ತಾಗಿ ಮಾಡುವವರು ಏನು ಮಾಡುತ್ತಾರೆ ಎಂಬುದನ್ನೂ ಹೇಳಿಬಿಡಬೇಕು. ಅವರು ನೋಡುವುದು ಗೋಡೆ, ನೆಲ, ಬಟ್ಟೆಯ ಮೇಲೆ ಬಿದ್ದು ಒಣಗಿದ ಹನಿಯನ್ನು. ಓರೆಯಾಗಿ ಬಿದ್ದ ಹನಿ ಉದ್ದವಾಗುತ್ತದೆ. ಅದರ ಉದ್ದ, ಅಗಲ ಅಳೆದು, ತ್ರಿಕೋನಮಿತಿ ಹಾಕಿ, ಯಾವ ಕೋನದಲ್ಲಿ ಬಿತ್ತು ಎಂದು ಲೆಕ್ಕ ಹಿಡಿಯುತ್ತಾರೆ. ಜಪ್ರೂಡರ್ ಸುರುಳಿಯಲ್ಲಿ ಗೋಡೆಯಿಲ್ಲ, ಒಣಗಿದ ಹನಿಯಿಲ್ಲ. ಇರುವುದು ಅಗಲದಲ್ಲಿ ಐದು ಮಿಲಿಮೀಟರೂ ಇಲ್ಲದ ಒಂದು ಫ್ರೇಮು, ಅದರೊಳಗೆ ಅರವತ್ತು-ಎಪ್ಪತ್ತು ಅಡಿ ದೂರದಲ್ಲಿ ಓಡುತ್ತಿರುವ ಕಾರು, ಕಾರಿನೊಳಗೆ ಒಂದು ತಲೆ. ಷಟರ್ ತೆರೆದಿರುತ್ತಿದ್ದದ್ದು ಸುಮಾರು ಸೆಕೆಂಡಿನ ನಲವತ್ತರಲ್ಲಿ ಒಂದು ಭಾಗ. ಗೋದಾಮಿನ ಕಿಟಕಿಯಿಂದ ಕಾರಿನವರೆಗಿನ ಸುಮಾರು 265 ಅಡಿಯನ್ನು ಗುಂಡು ಎರಡೂವರೆ ಫ್ರೇಮಿನೊಳಗೆ ಮುಗಿಸಿಬಿಡುತ್ತದೆ. ಅಂಥ ವೇಗದಲ್ಲಿ ತಲೆಗೆ ತಗಲುವಾಗ ನಡೆಯಬೇಕಾದದ್ದೆಲ್ಲ 312ಕ್ಕೂ 313ಕ್ಕೂ ನಡುವಿನ ಕತ್ತಲಲ್ಲೇ ನಡೆದುಹೋಗಿದೆ. ಕ್ಯಾಮೆರಾ ಬಾಗಿಲು ತೆರೆದಾಗ ಕಂಡದ್ದು ಫಲಿತಾಂಶ ಮಾತ್ರ. ಹನಿಯ ದಿಕ್ಕು, ವೇಗ, ಗಾತ್ರ ಎಲ್ಲವನ್ನೂ ಇಂಥ ಮಬ್ಬಿನಿಂದ ಹೆಕ್ಕಿ ತೆಗೆಯುವವರಿಗೆ ತಜ್ಞ ಎನ್ನುವುದು ಕಡಿಮೆಯಾಯಿತು. ದೈವಜ್ಞ ಎನ್ನಬೇಕು.

ನನ್ನ ಭಾವಮೈದ ಒಬ್ಬನಿದ್ದಾನೆ. ಊಟವಾದ ಮೇಲೆ ಮೊಬೈಲು ಹಿಡಿದು ಸೋಫಾದ ತುದಿಗೆ ಸರಿದು ಕೂತನೆಂದರೆ ಡಲ್ಲಾಸಿಗೆ ಹೊರಟ ಎಂದೇ ಅರ್ಥ.

"ಭಾವ, ಇಲ್ನೋಡಿ. ಹಿಂದಕ್ಕೆ ಹೋಯ್ತಾ ತಲೆ? ಎಡಕ್ಕೆ ವಾಲ್ತಾ? ಹಾಗಿದ್ರೆ ಗುಂಡು ಎಲ್ಲಿಂದ ಬಂತು? ನೀವೇ ಹೇಳಿ."

"ಇದು ಇಷ್ಟು ಚೆನ್ನಾಗಿ ಕಾಣ್ತಿದೆಯಲ್ಲೋ, ಮೊದಲು ಹೀಗಿರಲಿಲ್ಲ."

"ಎಐ ಹಾಕಿ ಫೋರ್ ಕೆ ಮಾಡಿದಾರೆ ಭಾವ. ಒಂದೊಂದು ಹನಿನೂ ಎಣಿಸಬಹುದು."

ಎಣಿಸಬಹುದು, ನಿಜ. ಮೂಲ ಸುರುಳಿಯಲ್ಲಿಲ್ಲದ ಹನಿಯನ್ನು ಕಂಪ್ಯೂಟರ್ ತಾನೇ ಊಹಿಸಿ, ಬಣ್ಣ ಬಳಿದು, ಅಂಚು ತೀಡಿ ಕೂರಿಸಿದೆ. ನಮ್ಮವನು ಅದನ್ನು ಎಣಿಸುತ್ತಿದ್ದಾನೆ. ಸಾಕ್ಷಿ ಹೇಳದಿದ್ದರೆ ಸಾಕ್ಷಿಯ ಬಾಯಿಗೆ ಮಾತು ತುರುಕುವುದು ಪೊಲೀಸ್ ಠಾಣೆಗಳ ಹಳೇ ಪದ್ಧತಿ. ಈಗ ಅದಕ್ಕೆ ಆ್ಯಪ್ ಬಂದಿದೆ.

ತಲೆ ಹಿಂದಕ್ಕೂ ಎಡಕ್ಕೂ ಹೋದದ್ದು ಮಾತ್ರ ಭಾವಮೈದನ ಕಲ್ಪನೆಯಲ್ಲ. 1969ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಜಿಲ್ಲಾ ವಕೀಲ ಜಿಮ್ ಗ್ಯಾರಿಸನ್, ಕ್ಲೇ ಶಾ ಎಂಬ ವ್ಯಾಪಾರಿಯ ಮೇಲೆ ಸಂಚಿನ ಮೊಕದ್ದಮೆ ನಡೆಸಿ, ಈ ಸುರುಳಿಯನ್ನು ಕೋರ್ಟಿನಲ್ಲಿ ಮತ್ತೆ ಮತ್ತೆ ಓಡಿಸಿದರು. ನೋಡಿ ನೋಡಿ ದಣಿದ ಜೂರಿ ಒಂದು ಗಂಟೆಯೊಳಗೆ ಶಾ ನಿರ್ದೋಷಿ ಎಂದಿತು. ಕೋರ್ಟಿನಲ್ಲಿ ಸೋತದ್ದು ಥಿಯೇಟರಿನಲ್ಲಿ ಗೆದ್ದಿತು. 1991ರಲ್ಲಿ ಆಲಿವರ್ ಸ್ಟೋನ್ 'ಜೆಎಫ್‌ಕೆ' ಸಿನಿಮಾದಲ್ಲಿ 'ಹಿಂದಕ್ಕೆ, ಎಡಕ್ಕೆ' ಎಂಬುದನ್ನೇ ಮಂತ್ರದಂತೆ ಹೇಳಿಸಿದರು. ಇನ್ನು ವಾರೆನ್ ಆಯೋಗದ ಸಂಪುಟದಲ್ಲಿ 314 ಮತ್ತು 315ನೇ ಫ್ರೇಮುಗಳು ಹಿಂದುಮುಂದಾಗಿ ಅಚ್ಚಾದವು. ಹಾಗೆ ನೋಡಿದರೆ ತಲೆ ಹಿಂದಕ್ಕೆ ಬದಲು ಮುಂದಕ್ಕೆ ಹೋದಂತೆ ಕಾಣುತ್ತದೆ. ಎಫ್‌ಬಿಐ ಮುಖ್ಯಸ್ಥ ಹೂವರ್ ಅದನ್ನು ಮುದ್ರಣದೋಷ ಎಂದರು. ಕನ್ನಡ ಪುಸ್ತಕಗಳ ಕೊನೆಗೆ ಒಪ್ಪೋಲೆ ಓದಿ ಬೆಳೆದವರು ನಂಬಬಹುದು. ಅಮೆರಿಕದವರು ನಂಬಲಿಲ್ಲ.

ಆಗ ಬಂದರು ಲೂಯಿಸ್ ಆಲ್ವಾರೆಜ್. 1968ರ ಭೌತವಿಜ್ಞಾನದ ನೊಬೆಲ್ ಇವರದು. ಕರಬೂಜದ ಹಣ್ಣಿಗೆ ಟೇಪು ಸುತ್ತಿ ಗುಂಡು ಹೊಡೆಸಿದರು. ಹಣ್ಣು ಗುಂಡು ಹೋದ ದಿಕ್ಕಿಗೆ ಹಾರದೆ, ಬಂದೂಕಿನವನ ಕಡೆಗೇ ಉರುಳಿತು. ತಿರುಳು ಮುಂದಕ್ಕೆ ರಭಸದಿಂದ ಚಿಮ್ಮಿದಾಗ ಉಳಿದದ್ದು ಹಿಂದಕ್ಕೆ ನೂಕಲ್ಪಡುತ್ತದೆ, ರಾಕೆಟ್ಟಿನ ತತ್ವ. ಹಾಗಾಗಿ ಹಿಂದಿನಿಂದ ಬಂದ ಗುಂಡಿಗೂ ತಲೆ ಹಿಂದಕ್ಕೆ ಹೋಗಬಹುದು ಎಂದು 1976ರಲ್ಲಿ ಲೇಖನ ಬರೆದರು. ಹಿಂಗುಂಡು ಮತಕ್ಕೆ ಕರಬೂಜ ಕುಲದೇವತೆಯಾಯಿತು. ಆದರೆ ಜೋಸಯ್ಯ ಥಾಂಪ್ಸನ್ ಎಂಬುವರು ಆ ಪ್ರಯೋಗದ ಹಳೇ ಫೋಟೋಗಳನ್ನು ಕೆದಕಿ ಇನ್ನೊಂದು ಸುದ್ದಿ ತಂದರು. ಅಲ್ಲಿ ತೆಂಗಿನಕಾಯಿಗೂ ಹೊಡೆದಿದ್ದರು, ನೀರಿನ ಪ್ಲಾಸ್ಟಿಕ್ ಕ್ಯಾನಿಗೂ ಹೊಡೆದಿದ್ದರು. ಅವು ಬಂದೂಕಿನ ಕಡೆ ಬರದೆ ಮುಂದಕ್ಕೆ ಹಾರಿದ್ದವು. ಲೇಖನದಲ್ಲಿ ಮೆರೆದದ್ದು ಕರಬೂಜ. ಮನುಷ್ಯನ ತಲೆ ತೆಂಗಿನಕಾಯಿಗೆ ಹತ್ತಿರವೋ ಕರಬೂಜಕ್ಕೋ ಎಂದು ನಮ್ಮ ಊರಿನ ಯಾವ ಅಜ್ಜಿಯನ್ನು ಕೇಳಿದ್ದರೂ ಉತ್ತರ ಸಿಗುತ್ತಿತ್ತು. ಆದರೆ ಅಜ್ಜಿಯರ ಲೇಖನವನ್ನು ಭೌತವಿಜ್ಞಾನದ ನಿಯತಕಾಲಿಕೆಗಳು ಹಾಕಿಕೊಳ್ಳುವುದಿಲ್ಲ. ಹಾಗೆಂದು ಆಲ್ವಾರೆಜ್ ಹೇಳಿದ್ದು ಅಸಾಧ್ಯವೇನೂ ಅಲ್ಲ; ಆಗಬಹುದು ಎಂದು ತೋರಿಸಿದರು. ಅನುಯಾಯಿಗಳು ಅದನ್ನು ಆಯಿತು ಎಂದು ಓದಿಕೊಂಡರು.

ಥಾಂಪ್ಸನ್ನರದೂ ಒಂದು ಕತೆ. ಕೀರ್ಕೆಗಾರ್ಡ್ ಪಾಠ ಮಾಡುತ್ತಿದ್ದ ತತ್ವಶಾಸ್ತ್ರದ ಮೇಷ್ಟ್ರು, ಆಮೇಲೆ ಖಾಸಗಿ ಪತ್ತೇದಾರ. 312ರಿಂದ 313ಕ್ಕೆ ತಲೆ ಎರಡಿಂಚಿನಷ್ಟು ಮುಂದಕ್ಕೆ ಹೋಗುತ್ತದೆ, ಆಮೇಲೆ ಹಿಂದಕ್ಕೆ. ಆದ್ದರಿಂದ ಎರಡೂ ಕಡೆಯಿಂದ ಹೆಚ್ಚುಕಡಿಮೆ ಒಟ್ಟಿಗೇ ಗುಂಡು ಬಂದಿದೆ ಎಂದು 1967ರಲ್ಲಿ ಅಳೆದು ಬರೆದರು. 2021ರ ಪುಸ್ತಕದಲ್ಲಿ ಅವರೇ ಆ ಎರಡಿಂಚನ್ನು ವಾಪಸು ತೆಗೆದುಕೊಂಡರು. ಕ್ಯಾಮೆರಾ ಅಲುಗಿ 313 ಮಸುಕಾಗಿದೆ, ತಾನು ಅಳೆದದ್ದು ಆ ಮಸುಕನ್ನು ಎಂದರು. ಈ ಇಡೀ ಪುರಾಣದಲ್ಲಿ ನಾನು ಟೋಪಿ ತೆಗೆಯುವುದು ಈ ಒಬ್ಬರಿಗೆ. ತಪ್ಪೊಪ್ಪಿಕೊಳ್ಳಲು ಐವತ್ತನಾಲ್ಕು ವರ್ಷ ಹಿಡಿದರೂ ಒಪ್ಪಿಕೊಂಡರಲ್ಲ. ಅದರಿಂದ ಅವರು ಮತ ಬಿಟ್ಟರೆಂದುಕೊಳ್ಳಬೇಡಿ. ಎರಡಿಂಚು ಹೋದರೂ ಮುಂದಿನ ಗುಂಡು ಉಳಿದುಕೊಂಡಿದೆ.

ರಕ್ತ ನಿಜವಾಗಿ ಎಲ್ಲೆಲ್ಲಿ ಬಿತ್ತು? ಕಾರಿನ ಎಡ ಹಿಂಬದಿಯಲ್ಲಿದ್ದ ಮೋಟಾರ್‌ಸೈಕಲ್ ಪೊಲೀಸ್ ಬಾಬಿ ಹಾರ್ಗಿಸ್ ಮೈಮೇಲೆ ಬಿತ್ತು. ಇದು ಮುಂಗುಂಡಿನವರ ಬ್ರಹ್ಮಾಸ್ತ್ರ. ಕಾರಿನಲ್ಲಿ ಮುಂದೆ ಕೂತಿದ್ದವರ ಮೇಲೂ ಬಿತ್ತು. ಇದು ಹಿಂಗುಂಡಿನವರದು. ಕಾರು ಓಡುತ್ತಿತ್ತು, ಗಾಳಿಯೂ ಬೀಸುತ್ತಿತ್ತು. ಇದು ಯಾರಿಗೂ ಬೇಡ.

ಕಣ್ಣು ಕೀಲಿಸಿ ಮಾಡುವ ಈ ಅಧ್ಯಯನಕ್ಕೆ ನಿಜವಾದ ಕಲೆಗಳು ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಸಿಕ್ಕಿದ್ದವು. ಆ ಕಾರು ಪಾರ್ಕ್‌ಲ್ಯಾಂಡ್ ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ದಾಗ ಪಕ್ಕದಲ್ಲೊಂದು ಬಕೆಟ್ ಇರುವ ಫೋಟೋ ಇದೆ. ಆಮೇಲೆ ಅದೇ ಕಾರಿಗೆ ಹೊಸ ಕವಚ ಹಾಕಿ, ಹೊಸ ಮಾಡು ಕೂರಿಸಿ, 1964ರಲ್ಲಿ ಮುಂದಿನ ಅಧ್ಯಕ್ಷರ ಸೇವೆಗೆ ಬಿಟ್ಟರು. ಕೆನಡಿಯವರ ಮುಂದಿನ ಸೀಟಿನಲ್ಲಿ ಗುಂಡು ತಿಂದ ಗವರ್ನರ್ ಕಾನಲಿಯವರ ಕೋಟು ಪರೀಕ್ಷೆಗೆ ಬರುವಾಗ ಶುಚಿಯಾಗಿ, ಇಸ್ತ್ರಿಯಾಗಿ ಬಂದಿತ್ತು. ಗರಿಗರಿ ಸಾಕ್ಷ್ಯ. ಶವಪರೀಕ್ಷೆಯಲ್ಲಿ ತೆಗೆದಿಟ್ಟ ಕೆನಡಿಯವರ ಮೆದುಳು ರಾಷ್ಟ್ರೀಯ ದಾಖಲಾಗಾರದಲ್ಲಿ ಇಲ್ಲವೆಂದು 1966ರಲ್ಲಿ ಗೊತ್ತಾಯಿತು, ಇವತ್ತಿಗೂ ಸಿಕ್ಕಿಲ್ಲ. ಸುರುಳಿಯೂ ಸುರಕ್ಷಿತವಾಗಿರಲಿಲ್ಲ. ಒಂದೂವರೆ ಲಕ್ಷ ಡಾಲರಿಗೆ ಕೊಂಡ 'ಲೈಫ್' ಪತ್ರಿಕೆಯವರ ಕೈಯಲ್ಲೇ ಕೆಲವು ಫ್ರೇಮು ಹಾಳಾದವು. ತೊಳೆಯದೆ ಉಳಿದವುಗಳಲ್ಲಿ ಒಂದು ಜಾಕ್ವೆಲಿನ್ ಕೆನಡಿ ಅಂದು ತೊಟ್ಟಿದ್ದ ಗುಲಾಬಿ ಸೂಟು. ಅದನ್ನು 2103ರವರೆಗೆ ಸಾರ್ವಜನಿಕರಿಗೆ ತೋರಿಸುವಂತಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತೇವೆ. ಇವರು ಬಾಗಿಲು ಹಾಕಿದ ಮೇಲೆ ಕೋಟೆಯ ಫೋಟೋ ನೋಡಿ ಕಳ್ಳನನ್ನು ಹಿಡಿಯುತ್ತಿದ್ದಾರೆ.

ಹಾಗಾದರೆ ಕ್ಯಾಮೆರಾ ಸಾಕ್ಷಿಯೇ ಸುಳ್ಳೇ? ಅಲ್ಲ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಜೊತೆ ಸತ್ತ ಫೋಟೋಗ್ರಾಫರ್ ಹರಿಬಾಬು ಮೈಮೇಲಿನ ಕ್ಯಾಮೆರಾ ಉಳಿದಿತ್ತು. ಅದರೊಳಗಿನ ಹತ್ತು ಚಿತ್ರಗಳಲ್ಲಿ ಹಾರ ಹಿಡಿದ ಆತ್ಮಾಹುತಿ ಹಂತಕಿ ಧನು ಇದ್ದಳು, ಬಿಳಿ ಕುರ್ತಾದ, ಸಂಚಿನ ರೂವಾರಿ ಶಿವರಸನ್ ಇದ್ದ. ಅದೇ ಜಾಡು ಹಿಡಿದ ತನಿಖೆ ಆಗಸ್ಟ್‌ನಲ್ಲಿ ಶಿವರಸನ್ ಅಡಗಿದ್ದ, ನಮ್ಮ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರ ಬಾಗಿಲಿಗೆ ಬಂದು ನಿಂತಿತು. ಅಲ್ಲಿ ಪೊಲೀಸರು ಚಿತ್ರವನ್ನು ಕೇಳಿದ್ದು ಅದು ಉತ್ತರಿಸಬಲ್ಲ ಪ್ರಶ್ನೆ: ಯಾರ್‍ಯಾರು ನಿಂತಿದ್ದರು? ಡಲ್ಲಾಸ್ ಪಂಡಿತರು ಕೇಳಿದ್ದು ಮಬ್ಬಿನ ಗೋತ್ರ, ಪ್ರವರ.

ಇಷ್ಟರವರೆಗೆ ನಕ್ಕಿದ್ದಾಯಿತು. ಡಲ್ಲಾಸ್ ಕಟ್ಟೆಪುರಾಣದಿಂದ ಯಾರೂ ಜೈಲಿಗೆ ಹೋಗಿಲ್ಲ. ಆಸ್ವಾಲ್ಡ್ ವಿಚಾರಣೆಗೂ ಉಳಿಯಲಿಲ್ಲ. ಆದರೆ ಇದೇ ವಿಶ್ವಾಸ, ಇದೇ ಬ್ಯಾಕ್ ಸ್ಪ್ಯಾಟರ್ ಎಂಬ ಮಾತು ಅದೇ ಟೆಕ್ಸಾಸ್ ರಾಜ್ಯದ ಕ್ಲಿಫ್ಟನ್ ಎಂಬ ಚಿಕ್ಕ ಊರಿನ ಕೊಲೆ ಮೊಕದ್ದಮೆಗೂ ಬಂತು. 1985ರಲ್ಲಿ ಅಲ್ಲಿನ ಹೈಸ್ಕೂಲ್ ಪ್ರಿನ್ಸಿಪಾಲರ ಹೆಂಡತಿಯನ್ನು ಯಾರೋ ಮನೆಯಲ್ಲೇ ಗುಂಡಿಟ್ಟು ಕೊಂದರು. ಪ್ರಿನ್ಸಿಪಾಲರು ಆಗ ಸುಮಾರು 120 ಮೈಲಿ ದೂರದ ಆಸ್ಟಿನ್‌ಗೆ ಸಮ್ಮೇಳನಕ್ಕೆ ಹೋಗಿದ್ದರು. ಅವರ ಕಾರಿನ ಡಿಕ್ಕಿಯಲ್ಲಿ ಸಿಕ್ಕ ಟಾರ್ಚಿನ ಗಾಜಿನ ಮೇಲೆ ಸಣ್ಣ ಸಣ್ಣ ಚುಕ್ಕೆ. ನಲವತ್ತು ಗಂಟೆಯ ಕೋರ್ಸು ಮುಗಿಸಿದ್ದ ಪೊಲೀಸ್ ಅಧಿಕಾರಿಯೊಬ್ಬರು ಅದನ್ನು ಬ್ಯಾಕ್ ಸ್ಪ್ಯಾಟರ್ ಎಂದು ಸಾಕ್ಷಿ ನುಡಿದರು. ನಲವತ್ತು ಗಂಟೆ ಎಂದರೆ ಕಂಪ್ಯೂಟರ್ ಟೈಪಿಂಗೂ ಪೂರ್ತಿ ಬರುವುದಿಲ್ಲ. ಪ್ರಿನ್ಸಿಪಾಲರಿಗೆ 99 ವರ್ಷ ಶಿಕ್ಷೆಯಾಯಿತು.

ರಕ್ತದ ಕಲೆ ಓದುವ ವಿದ್ಯೆಯಲ್ಲಿ ಅನಿಶ್ಚಿತತೆ ವಿಪರೀತ, ಅದರ ತಜ್ಞರ ಅಭಿಪ್ರಾಯದಲ್ಲಿ ವಿಜ್ಞಾನಕ್ಕಿಂತ ಸ್ವಂತ ಅನಿಸಿಕೆಯೇ ಹೆಚ್ಚು ಎಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 2009ರಲ್ಲೇ ವರದಿ ಕೊಟ್ಟಿತ್ತು. 2018ರಲ್ಲಿ ಟೆಕ್ಸಾಸ್‌ನ ವಿಧಿವಿಜ್ಞಾನ ಆಯೋಗ ಆ ಟಾರ್ಚಿನ ವಿಶ್ಲೇಷಣೆಯನ್ನು ತಪ್ಪೆಂದಿತು. ಸಾಕ್ಷಿ ಹೇಳಿದ ಅಧಿಕಾರಿಯೂ ತನ್ನ ಸಾಕ್ಷ್ಯದ ಕೆಲ ಭಾಗ ಸರಿಯಲ್ಲವೆಂದು ಬರೆದುಕೊಟ್ಟರು. ಆದರೂ ಮೇಲಿನ ಕೋರ್ಟು ಶಿಕ್ಷೆಯನ್ನು ರದ್ದುಮಾಡಲಿಲ್ಲ. ಪ್ರಿನ್ಸಿಪಾಲರು ಹೊರಬಂದದ್ದು 2020ರಲ್ಲಿ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಪೆರೋಲ್ ಮೇಲೆ. ಕಾನೂನಿನ ಪುಸ್ತಕದಲ್ಲಿ ಕೊಲೆಗಾರನಾಗಿಯೇ.