ನೂರಾದ್ರೂ ಅಷ್ಟೆ, ಸಾವಿರ ಆದ್ರೂ ಅಷ್ಟೆ

ಅಂಗಡಿ ಇಡುವವನು ಮೊದಲು ಮಾಲು ತರಬೇಕೋ ವಿಸಿಟಿಂಗ್ ಕಾರ್ಡ್ ಮಾಡಿಸಬೇಕೋ ಎಂಬ ಪ್ರಶ್ನೆಗೆ ನಾನು ಕಂಡ ಹೊಸ ವ್ಯಾಪಾರಿಗಳೆಲ್ಲ ಒಂದೇ ಉತ್ತರ ಕೊಟ್ಟಿದ್ದಾರೆ. ಮಾಲು ಸಾಲದ ಮೇಲಾದರೂ ಬಂದೀತು. ಹೆಸರಿನ ಕೆಳಗೆ ‘ಪ್ರೊಪ್ರೈಟರ್’ ಎಂದು ಅಚ್ಚಾಗದವನಿಗೆ ಸಾಲ ಕೊಡುವವರು ಯಾರು? ಎಣ್ಣೆ ಅಂಗಡಿ ತೆರೆಯಲು ಹೊರಟ ನನ್ನ ಭಾವಮೈದುನ, ಗಾಣ ಬರುವ ಮೊದಲೇ ಬೆಂಗಳೂರಿನ ಸುಲ್ತಾನ್‌ಪೇಟೆಗೆ ಹೊರಟ. ನಾಲ್ಕಕ್ಷರ ಬರೆಯುವವನಿಗೆ ಅಚ್ಚಿನ ವಿಷಯವೂ ಗೊತ್ತಿರುತ್ತದೆಂದು ನಂಬಿ ನನ್ನನ್ನೂ ಎಳೆದುಕೊಂಡು ಹೋದ.

ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಗಳದೇ ದರ್ಬಾರು. ಮದುವೆಗೆ ಮುಹೂರ್ತವಿದೆ, ಬಿಲ್‌ಬುಕ್ಕಿಗೆ ಇಲ್ಲ. ಹಾಗಾಗಿ ವೈಶಾಖದಲ್ಲಿ ಬಿಲ್‌ಬುಕ್ ಮಾಡಿಸಲು ಹೋದವನು ಸ್ಟೂಲಿನ ಮೇಲೆ ಕೂತು ಕಾಯಬೇಕು. ನಾವೂ ಕಾದೆವು.

“ಕಾರ್ಡ್ ನೂರು ಸಾಕು” ಎಂದ ಭಾವಮೈದುನ. ಪ್ರೆಸ್ಸಿನವರು ಅನುಕಂಪದಿಂದ ನೋಡಿದರು. “ಆಫ್‌ಸೆಟ್ ಅಲ್ವಾ ಸಾರ್? ನೂರಾದ್ರೂ ಅಷ್ಟೆ, ಸಾವಿರ ಆದ್ರೂ ಅಷ್ಟೆ.”

ಮಾತು ಸುಳ್ಳಲ್ಲ. ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟು ಮಾಡಬೇಕು, ಒಂದರ ಮೇಲೊಂದು ಬಣ್ಣ ಸರಿಯಾಗಿ ಕೂರುವ ತನಕ ಹಾಳೆ ಹಾಳು ಮಾಡಬೇಕು. ಅಷ್ಟಾದ ಮೇಲೆ ಉಳಿಯುವ ಖರ್ಚು ಕಾಗದ, ಶಾಯಿಯದಷ್ಟೇ. ಇನ್ನು ಅಗ್ಗದ ಕಾರ್ಡುಗಳಾದರೆ ಒಂದೇ ದೊಡ್ಡ ಹಾಳೆಯ ಮೇಲೆ ಹತ್ತಾರು ಗಿರಾಕಿಗಳನ್ನು ಒಟ್ಟಿಗೆ ಅಚ್ಚು ಹಾಕಿ ಆಮೇಲೆ ಕತ್ತರಿಸುತ್ತಾರೆ. ದಂತವೈದ್ಯರು, ಸೈಟು ಮಾರುವವರು, ಜ್ಯೋತಿಷಿಗಳು ಪಕ್ಕಪಕ್ಕದಲ್ಲಿ ಮಲಗಿರುತ್ತಾರೆ. ಜ್ಯೋತಿಷಿಗಳ ಕೇಸರಿಗೆ ಶಾಯಿ ಹೆಚ್ಚಾದರೆ ದಂತವೈದ್ಯರ ಹಲ್ಲಿಗೂ ಬಣ್ಣ ತಾಗುತ್ತದೆ.

ಡಿಜಿಟಲ್ ಯಂತ್ರಕ್ಕೆ ಪ್ಲೇಟಿಲ್ಲ, ನೂರನ್ನೂ ನಾಚಿಕೆಯಿಲ್ಲದೆ ಕೇಳಬಹುದು. ಒಂದೊಂದು ಕಾರ್ಡಿಗೆ ಬೀಳುವ ಬೆಲೆ ಹೆಚ್ಚು, ಅಷ್ಟೆ. ನನ್ನನ್ನು ಕೇಳಿದರೆ ಹೊಸ ವ್ಯಾಪಾರಿಗೆ ಇದೇ ಸರಿ. ಮೊದಲ ವರ್ಷದಲ್ಲಿ ವಿಳಾಸ ಬದಲಾದೀತು, ಪಾಲುದಾರನೂ ಬದಲಾದಾನು. ಮುಚ್ಚಿಹೋದ ಅಂಗಡಿಗಳ ಕಾರ್ಡಿನ ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆಯುವ ಮನೆಗಳನ್ನು ನಾನು ನೋಡಿದ್ದೇನೆ. ಆದರೆ ‘ಅಷ್ಟೇ ದುಡ್ಡಿಗೆ ಸಾವಿರ’ ಎಂದು ಕಿವಿಗೆ ಬಿದ್ದ ಮೇಲೆ ನೂರಕ್ಕೆ ಇಳಿದ ಮನುಷ್ಯನನ್ನು ಮಾತ್ರ ಇನ್ನೂ ನೋಡಿಲ್ಲ. ಭಾವಮೈದುನ ಸಾವಿರವೇ ಹೇಳಿದ, 300 ಜಿಎಸ್‌ಎಂ ಬೋರ್ಡು, ಮ್ಯಾಟ್ ಲ್ಯಾಮಿನೇಷನ್.

ಹೆಸರು ಚಿನ್ನದ ಬಣ್ಣದಲ್ಲಿರಬೇಕು ಎಂದು ಮೊಬೈಲು ತೋರಿಸಿದ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ಶಾಯಿಯಿಂದ. ನಾಲ್ಕು ಬಣ್ಣ ಎಷ್ಟೇ ಬೆರೆಸಿದರೂ ಚಿನ್ನ ಹುಟ್ಟುವುದಿಲ್ಲ, ಸಾಸಿವೆ ಹುಟ್ಟುತ್ತದೆ. “ಫಾಯಿಲ್ ಹಾಕಿಸಿ ಸಾರ್, ಬೇರೆ ಚಾರ್ಜು” ಎಂದರು. ಮಾರುವುದು ಕಡಲೆಕಾಯಿ ಎಣ್ಣೆಯಾದ್ದರಿಂದ ಸಾಸಿವೆ ಬೇಡವೆಂದು ಫಾಯಿಲ್ ಒಪ್ಪಿದೆವು.

ಲೇಬಲ್ಲಿನದು ಬೇರೆಯೇ ಕಥೆ. ಕಾಗದದ ಸ್ಟಿಕರ್ ಎಣ್ಣೆ ಕುಡಿದು ಗಾಜಿನಂತಾಗುತ್ತದೆ. ಹರಿಯದ ಪ್ಲಾಸ್ಟಿಕ್ ಸ್ಟಿಕರೇ ಬೇಕು. ಅದರ ಮೇಲೆ ತೂಕ, ಎಂಆರ್‌ಪಿ, ಹಸಿರು ಚುಕ್ಕೆ, ಎಫ್‌ಎಸ್‌ಎಸ್‌ಎಐನ 14 ಅಂಕಿಗಳು, ಇಷ್ಟರ ನಡುವೆ ಜಾಗ ಉಳಿದರೆ ಅಂಗಡಿಯ ಹೆಸರು. ವಾಟ್ಸಾಪಿನಲ್ಲಿ ಕಳಿಸಿದ ಯೂನಿಕೋಡ್ ಕನ್ನಡ ಪ್ರೆಸ್ಸಿನ ಹಳೆಯ ಸಾಫ್ಟ್‌ವೇರಿಗೆ ಹೋಗಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾದವು. ಹುಡುಗಿಯೊಬ್ಬಳು ಕೂತು ‘ನುಡಿ’ ತಂತ್ರಾಂಶದಲ್ಲಿ ಮತ್ತೆ ಟೈಪು ಮಾಡಿದಳು.

ಕೈಚೀಲದ ಮೇಲೆ ದೇವರ ಚಿತ್ರ ಬೇಡವೆಂದು ಮಾವನವರ ತಾಕೀತು ಇತ್ತು: ಚೀಲ ಕೊನೆಗೆ ಕಸಕ್ಕೆ ಹೋಗುತ್ತದೆ, ದೇವರು ಹೋಗಬಾರದು. ಬಿಲ್‌ಬುಕ್ಕಿನ ನೆತ್ತಿಯ ಮೇಲೆ ‘ಶ್ರೀ’ ಇರಬಹುದು. ಅದರ ಕೆಳಗೆ ಕರ್ನಾಟಕದ 29ರಿಂದ ಶುರುವಾಗುವ ಜಿಎಸ್‌ಟಿ ಸಂಖ್ಯೆ. ಬಿಲ್ಲಿನ ನಂಬರು ಎಲ್ಲಿಂದ ಎಂದು ಕೇಳಿದಾಗ ಭಾವಮೈದುನ ದನಿ ತಗ್ಗಿಸಿ, “501ರಿಂದ” ಎಂದ. ಪ್ರೆಸ್ಸಿನವರು ತಲೆಯೆತ್ತದೆ ಬರೆದುಕೊಂಡರು. ಒಂದನೇ ನಂಬರಿನ ಬಿಲ್ಲು ಹರಿದುಕೊಡುವ ಧೈರ್ಯ ಅವರ ಗಿರಾಕಿಗಳಲ್ಲಿ ಯಾರಿಗೂ ಇಲ್ಲವೆಂದು ಕಾಣುತ್ತದೆ.

ಪ್ರೂಫ್ ಬಂತು. ಫೋಟೋ ತೆಗೆದು ಮನೆಗೂ ಕಳಿಸಿದೆವು. ಮಾವ ‘ಶ್ರೀ’ ನೋಡಿದರು, ಭಾವಮೈದುನನ ಹೆಂಡತಿ ಹೆಸರಿನ ಗಾತ್ರ ನೋಡಿದಳು, ನಾನು ಕಾಗುಣಿತ ನೋಡಿದೆ. ಸಹಿ ಹಾಕಲು ಪೆನ್ನು ತೆಗೆದಾಗ ಪ್ರೆಸ್ಸಿನವರು ತಡೆದು, ಪ್ರೂಫಿನಲ್ಲಿದ್ದ ಮೊಬೈಲ್ ನಂಬರನ್ನು ಒಂದೊಂದೇ ಅಂಕಿ ನೋಡಿ ತಮ್ಮ ಫೋನಿನಲ್ಲಿ ಒತ್ತಿದರು. ಭಾವಮೈದುನನ ಜೇಬು ಹಾಡತೊಡಗಿತು. ಅವನು ಎದ್ದು, ರಸ್ತೆಯ ಗಲಾಟೆಗೆ ಒಂದು ಕಿವಿ ಮುಚ್ಚಿಕೊಂಡು, “ಹಲೋ, ಯಾರು ಮಾತಾಡೋದು?” ಎಂದ.

“ಪ್ರೆಸ್ಸಿಂದ ಸಾರ್. ನಂಬರ್ ಓಕೆ, ಒಳಗೆ ಬಂದು ಸೈನ್ ಮಾಡಿ” ಎಂದರು ಅವರೂ ಫೋನಿನಲ್ಲೇ.