ಪುರಟ್ಟಾಸಿಯ ಸನ್ಯಾಸಿ

ಸೆಪ್ಟೆಂಬರ್ ನಡುವಿಗೆ ಪೆರುಮಾಳ್ ಅಂದರೆ ವಿಷ್ಣುವಿಗೆ ಮೀಸಲಾದ ತಮಿಳು ತಿಂಗಳು ಪುರಟ್ಟಾಸಿ ಹುಟ್ಟಿತೆಂದರೆ ಚೆನ್ನೈನ ಎಷ್ಟೋ ಮನೆಗಳಲ್ಲಿ ಮೀನಿನ ಬಾಣಲೆ ಅಟ್ಟ ಸೇರುತ್ತದೆ. 2014ರ ಸರ್ಕಾರಿ ಸಮೀಕ್ಷೆಯಂತೆ ತಮಿಳುನಾಡಿನಲ್ಲಿ ಮಾಂಸಾಹಾರಿಗಳು ಶೇ 97ಕ್ಕೂ ಹೆಚ್ಚು. ಈ ತಿಂಗಳು ಆ ಅಂಕಿಗೂ ರಜೆ. ಪೆರಂಬೂರಿನಲ್ಲಿ ನೆಲೆಸಿದ ಮಂಡ್ಯದ ಗೃಹಸ್ಥರೊಬ್ಬರೂ ನೆರೆಹೊರೆ ನೋಡಿ ವ್ರತ ಹಿಡಿದರು.

“ಪೆರುಮಾಳ್ ತಿಂಗಳು ಕಣೇ. ಇನ್ನು ಮಾಂಸ ಮುಟ್ಟಲ್ಲ.”

“ಶ್ರಾವಣದಲ್ಲಿ ಕೇಳಿದ್ರೆ, ನಾವೀಗ ತಮಿಳುನಾಡಲ್ಲಿದ್ದೀವಿ ಅಂದ್ರಲ್ರೀ?”

“ಅದಕ್ಕೇ ಈಗ ಬಿಟ್ಟಿರೋದು.”

“ಮೊಟ್ಟೆ?”

“ಅದು… ನಾಮಕ್ಕಲ್‌ನವರು ಪಾಪ, ವ್ಯಾಪಾರವಿಲ್ಲದೆ ಬೆಲೆ ಇಳಿಸಿದಾರೆ. ರೈತರ ಕೈ ಬಿಡಬಾರದು.”

“ಕೋಳೀನೂ ಇಳಿದಿದೆಯಂತೆ.”

ಗೃಹಸ್ಥರು ನಿಟ್ಟುಸಿರಿಟ್ಟರು. ಅಷ್ಟರಲ್ಲಿ ಚೆನ್ನೈನ ಬುಹಾರಿ ಹೋಟೆಲ್ ತನ್ನ ಸೃಷ್ಟಿಯೆಂದು ಹೇಳಿಕೊಳ್ಳುವ ಚಿಕನ್ 65, ಹೂಕೋಸಿನ ವೇಷದಲ್ಲಿ ತಟ್ಟೆಗೆ ಬಂತು. ಪಕ್ಕದಲ್ಲಿ ಮಟನ್ ಮಸಾಲೆ ಮೆತ್ತಿಕೊಂಡ ಸೋಯಾ. ಕೋಳಿ, ಕುರಿ ಎರಡೂ ಗೈರು. ಹೆಸರು ಮಾತ್ರ ಹಾಜರು.

“ದೇಹ ಹಗುರಾಗಿದೆ ಕಣೇ.”

“ವ್ರತ ಶುರುವಾಗಿ ಎರಡು ಹೊತ್ತಾಗಿದೆ ಅಷ್ಟೇ.”

“ಪುರಟ್ಟಾಸಿ ಮುಗಿದ ಭಾನುವಾರ ಕಾಸಿಮೇಡು ಮೀನು ಮಾರ್ಕೆಟ್ಟಲ್ಲಿ ಕಾಲಿಡೋಕೂ ಜಾಗ ಇರಲ್ಲ. ಬೆಳಗಿನ ಜಾವ ಮೂರಕ್ಕೇ ಎದ್ದರೆ ವಂಜರಂ ಸಿಗುತ್ತೆ.”

“ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ದರ್ಶನಕ್ಕೆ ಏಳೂವರೆಗೆ ಎಬ್ಬಿಸಿದ್ರೆ, ಮಂಡಿನೋವು ಅಂದ್ರಲ್ಲ!”