ಮೊದಲನೆಯದಕ್ಕೆ ಅಗ್ರಪೂಜೆ, ಎರಡನೆಯದಕ್ಕೆ ಊಟ

ಐರ್ಲೆಂಡಿಗೆ ಎರಡು ಅಧಿಕೃತ ಭಾಷೆಗಳು. 1937ರ ಸಂವಿಧಾನದ ಎಂಟನೇ ವಿಧಿ ಐರಿಷ್‌ಗೆ ರಾಷ್ಟ್ರಭಾಷೆಯ ಪಟ್ಟ ಕಟ್ಟಿ ಮೊದಲ ಪೀಠದಲ್ಲಿ ಕೂರಿಸಿತು. ಇಂಗ್ಲಿಷನ್ನು ಎರಡನೆಯದಾಗಿ ಒಪ್ಪಿಕೊಂಡಿತು. ಪಾಪ, ಎರಡನೆಯದು ಎಂಬ ಬೇಸರವೇ ಇಲ್ಲದೆ ಇಂಗ್ಲಿಷು ಸಂಸತ್ತು, ಕೋರ್ಟು, ಬ್ಯಾಂಕು, ಪಬ್ಬು, ಗಂಡಹೆಂಡಿರ ಜಗಳ ಎಲ್ಲವನ್ನೂ ತಾನೇ ಸಂಭಾಳಿಸಿಕೊಂಡು ಬಂದಿದೆ. ಮೊದಲನೆಯದನ್ನು ಕೆಲಸಕ್ಕೆ ಹಚ್ಚಿ ದಣಿಸಬಾರದು ಎಂಬ ಒಂದು ವಿಷಯದಲ್ಲಿ ಅಲ್ಲಿ ಪಕ್ಷಭೇದವಿಲ್ಲ.

2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಮಂದಿ, ಅಂದರೆ ಹತ್ತರಲ್ಲಿ ನಾಲ್ವರು, ನಮಗೆ ಐರಿಷ್ ಬರುತ್ತದೆ ಎಂದು ಬರೆಸಿದರು. ಶಾಲೆಯ ಆಚೆ ದಿನವೂ ಆಡುವವರು ಎಷ್ಟೆಂದು ನೋಡಿದರೆ 72 ಸಾವಿರಕ್ಕೂ ತುಸು ಕಡಿಮೆ. ಬರುತ್ತದೆ ಎಂದವರಲ್ಲೇ ನಾಲ್ಕರಲ್ಲೊಬ್ಬರು ಎಂದೂ ಆಡುವುದಿಲ್ಲವಂತೆ. ಗೊತ್ತಿಲ್ಲದ್ದನ್ನು ಆಡದಿರಲು ಯಾರಿಂದಲೂ ಆದೀತು. ಗೊತ್ತಿರುವುದನ್ನು ಆಡದೆ ಬಾಳುವುದಕ್ಕೆ ಋಷಿಗಳ ಸಂಯಮ ಬೇಕು.

ಈ ಸಂಯಮವನ್ನು ಕಲಿಸುವುದು ಶಾಲೆ. ಮಗು ಅಕ್ಷರ ತಿದ್ದುವಾಗಿನಿಂದ ಹದಿಮೂರು ಹದಿನಾಲ್ಕು ವರ್ಷ ಐರಿಷ್ ಓದಬೇಕು. 1973ರವರೆಗೆ ಅದರಲ್ಲಿ ಫೇಲಾದರೆ ಇಡೀ ಶಾಲಾಂತ್ಯ ಪರೀಕ್ಷೆಯೇ ಫೇಲು. ಹದಿಹರೆಯದವರಿಗೆ ಭಾಷೆಯಲ್ಲಿ ರುಚಿ ಹುಟ್ಟಿಸಲು ಇಲಾಖೆ ಆರಿಸಿದ್ದು ಪೆಗ್ ಸೇಯರ್ಸ್ ಎಂಬ ಬ್ಲಾಸ್ಕೆಟ್ ದ್ವೀಪದ ಅಜ್ಜಿಯ ಆತ್ಮಕಥೆ. ಅಜ್ಜಿ ದೊಡ್ಡ ಕಥೆಗಾರ್ತಿ, ಅದರಲ್ಲಿ ಅನುಮಾನವಿಲ್ಲ. ಆದರೆ ಬಡತನ, ಸಾವು, ಮತ್ತೆ ಸಾವು ಎಂದು ಸಾಗುವ ಪುಸ್ತಕವನ್ನು ವ್ಯಾಕರಣದ ಪ್ರಶ್ನೆಗಳ ಸಮೇತ ತಲೆಮಾರುಗಟ್ಟಲೆ ಮಕ್ಕಳಿಗೆ ಕುಡಿಸಿದರೆ ಏನಾದೀತು? ಅಷ್ಟು ವರ್ಷ ಕಲಿತವರಲ್ಲಿ ಎಷ್ಟೋ ಜನರಿಗೆ ಕೊನೆಗೆ ಸರಾಗವಾಗಿ ನೆನಪಿರುವುದು ಶೌಚಾಲಯಕ್ಕೆ ಹೋಗಲು ಮೇಷ್ಟರ ಅಪ್ಪಣೆ ಕೇಳುವ ಒಂದು ವಾಕ್ಯ.

ಮಂತ್ರಿಗಳಿಗೆ ಇನ್ನೂ ಎರಡು ವಾಕ್ಯ ಹೆಚ್ಚು ಬರುತ್ತದೆ. ಭಾಷಣದ ಮೊದಲಿಗೆ ಅವನ್ನು ಒಪ್ಪಿಸಿ, ಚಪ್ಪಾಳೆ ಮುಗಿದಮೇಲೆ ಇಂಗ್ಲಿಷಿಗೆ ಇಳಿಯುವುದು ಪದ್ಧತಿ. 2011ರಲ್ಲಿ ಡಬ್ಲಿನ್ ಕೋಟೆಯ ಔತಣದಲ್ಲಿ ಎಲಿಜಬೆತ್ ರಾಣಿಯೂ ಹಾಗೆಯೇ ಮಾಡಿದರು: ಅಧ್ಯಕ್ಷರನ್ನೂ ಗೆಳೆಯರನ್ನೂ ಐರಿಷ್‌ನಲ್ಲಿ ಸಂಬೋಧಿಸಿ ಮುಂದಿನದ್ದನ್ನು ಇಂಗ್ಲಿಷಿನಲ್ಲಿ ಆಡಿದರು. ಅಧ್ಯಕ್ಷೆ ಮೇರಿ ಮ್ಯಾಕಲೀಸ್ ಬೆರಗಾದರು. ಆಳಿದವರಿಗೂ ಆಳಿಸಿಕೊಂಡವರಿಗೂ ಇದ್ದ ಭಾಷೆಯ ಅಂತರ ಅಂದಿಗೆ ಪೂರ್ತಿ ಅಳಿಯಿತು.

ಭಾಷೆಯನ್ನು ನಿಜಕ್ಕೂ ಆಡುತ್ತಿದ್ದವರ ಕಥೆಗೆ ಮಾತ್ರ ನಗು ಬರುವುದಿಲ್ಲ. 1845ರಲ್ಲಿ ಆಲೂಗಡ್ಡೆಗೆ ರೋಗ ತಗುಲಿ ಶುರುವಾದ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಹೆಚ್ಚು ಪೆಟ್ಟು ಬಿದ್ದದ್ದು ಐರಿಷ್ ಬಿಟ್ಟು ಬೇರೇನೂ ಬಾರದ ಪಶ್ಚಿಮದ ಬಡವರಿಗೆ. ಮಗುವಿನ ಕೊರಳಿಗೆ ಕೋಲು ಕಟ್ಟಿ, ಐರಿಷ್ ಆಡಿದಾಗಲೆಲ್ಲ ಅದಕ್ಕೊಂದು ಕಚ್ಚು ಹಾಕಿ, ಸಂಜೆ ಕಚ್ಚು ಎಣಿಸಿ ಹೊಡೆಯುವ ಪದ್ಧತಿಯೂ ಇತ್ತು. ಅದಕ್ಕೆ ಹೆತ್ತವರೂ ಕೈಜೋಡಿಸುತ್ತಿದ್ದರು, ಬಾಸ್ಟನ್ನಿನಲ್ಲಿ ಕೂಲಿ ಸಿಗುವುದು ಇಂಗ್ಲಿಷ್ ಬಲ್ಲವನಿಗೆ ಎಂದು ಅವರಿಗೆ ತಿಳಿದಿತ್ತು. ಹೊಟ್ಟೆ ತುಂಬಿದ ನಾವು ಅವರಿಗೆ ಭಾಷಾಭಿಮಾನ ಬೋಧಿಸದಿರುವುದೇ ಮರ್ಯಾದೆ.

ಅಭಿಮಾನ ಬಂದದ್ದು ಆಮೇಲೆ, ಓದಿಕೊಂಡವರಿಗೆ. 1892ರಲ್ಲಿ ಡಗ್ಲಸ್ ಹೈಡ್ ಡಬ್ಲಿನ್ನಿನಲ್ಲಿ ನಿಂತು, ಐರ್ಲೆಂಡಿಗೆ ಹತ್ತಿದ ಇಂಗ್ಲಿಷ್‌ತನವನ್ನು ಕಳಚಬೇಕೆಂದು ಕರೆಕೊಟ್ಟರು. ಕರೆ ಇಂಗ್ಲಿಷಿನಲ್ಲಿತ್ತು, ಸಭಿಕರಿಗೆ ತಿಳಿಯಬೇಕಲ್ಲ. ಮರುವರ್ಷ ಹೈಡ್ ಇತರರೊಡನೆ ಕೂಡಿ ಕಟ್ಟಿದ ಗೇಲಿಕ್ ಲೀಗ್ ಸಾವಿರಾರು ಜನರಿಗೆ ಪಾಠ ಹೇಳಿತು, ಹೈಡ್ 1938ರಲ್ಲಿ ದೇಶದ ಮೊದಲ ಅಧ್ಯಕ್ಷರೂ ಆದರು. ಆದರೆ ಐರಿಷ್ ಪುನರುಜ್ಜೀವನದ ಅತಿ ಸೊಗಸಾದ ಫಲ ಬಿಟ್ಟದ್ದು ಮೈಸೂರಿನಲ್ಲಿ. 1924ರಲ್ಲಿ ಅಲ್ಲಿ ಓದುತ್ತಿದ್ದ ಹುಡುಗನೊಬ್ಬ ತನ್ನ ಇಂಗ್ಲಿಷ್ ಪದ್ಯಗಳನ್ನು ಆ ಪುನರುಜ್ಜೀವನದ ಗಾಳಿ ಸೋಕಿದ ಬೆಲ್‌ಫಾಸ್ಟಿನ ಕವಿ ಜೇಮ್ಸ್ ಕಸಿನ್ಸ್‌ಗೆ ತೋರಿಸಿದ. ನಿನ್ನ ಭಾಷೆಯಲ್ಲಿ ಬರೆಯಪ್ಪಾ ಎಂದರು ಕಸಿನ್ಸ್. ಆ ಕುಪ್ಪಳಿಯ ಪುಟ್ಟಪ್ಪ ಮಾತು ಕೇಳಿದ. ನಮಗೆ ಕುವೆಂಪು ಸಿಕ್ಕರು. ಬುದ್ಧಿ ಹೇಳಿದ ಕಸಿನ್ಸ್ ತಮ್ಮ ಕವಿತೆಗಳನ್ನು ಇಂಗ್ಲಿಷಿನಲ್ಲೇ ಬರೆದುಕೊಂಡಿದ್ದರು. ರಫ್ತಿನ ಮಾಲು ಯಾವಾಗಲೂ ಒಂದು ಕೈ ಮೇಲು.

ಈಗ ಭಾಷೆ ಉಸಿರಾಡುತ್ತಿರುವುದು ಗೇಲ್ಟಖ್ತ್ ಎಂದು ಕರೆಯುವ ಕೆಲವು ಕರಾವಳಿ ಪ್ರದೇಶಗಳಲ್ಲಿ. ಅಲ್ಲಿನ ಡಿಂಗಲ್ ಎಂಬ ಊರಿಗೆ ಸರ್ಕಾರ 2004ರಲ್ಲಿ ಶುದ್ಧ ಐರಿಷ್ ಹೆಸರನ್ನೊಂದೇ ಖಾಯಂ ಮಾಡಿತು. ಡಾಲ್ಫಿನ್ ನೋಡಲು ಬರುವ ಪ್ರವಾಸಿಗರು ದಾರಿ ತಪ್ಪುತ್ತಾರೆಂದು ಗಲಾಟೆಯೆದ್ದು, 2006ರ ಮತದಾನದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಇಂಗ್ಲಿಷ್ ಹೆಸರೂ ಇರಲಿ ಎಂದರು. ಅತ್ತ ಬೆಲ್‌ಫಾಸ್ಟಿನ ನೀಕ್ಯಾಪ್ ಎಂಬ ರ‍್ಯಾಪ್ ತಂಡ ಐರಿಷ್‌ನಲ್ಲಿ ಬೈಗುಳ, ಮಾದಕವಸ್ತು, ಪೋಲಿತನ ಎಲ್ಲ ಹಾಡಿ ಹುಡುಗರನ್ನು ಕುಣಿಸಿದಾಗ ಸಭ್ಯರು ಮುಖ ಸಿಂಡರಿಸಿದರು. ಇಷ್ಟು ಕಾಲ ಮಡಿಯಲ್ಲಿಟ್ಟಿದ್ದನ್ನು ಯಾರೋ ಬೀದಿಯಲ್ಲಿ ಮುಟ್ಟಿಬಿಟ್ಟರಲ್ಲ!

ಗೇಲ್ಟಖ್ತ್ ಹುಡುಗರಿಗೆ ಕಷ್ಟ ಬೇರೆಯೇ. ಕಡಲ ನೋಟದ ಆ ಊರುಗಳಲ್ಲಿ ರಜೆಗೆಂದು ಬರುವವರು ಮನೆ ಕೊಂಡು ಬೀಗ ಹಾಕಿದ್ದಾರೆ. ಬಾಡಿಗೆಗೆ ಕೊಡುವವರಿಗೂ ವಾರದ ಲೆಕ್ಕದ ಪ್ರವಾಸಿಗಳೇ ಲಾಭ. ಊರಲ್ಲೇ ಹುಟ್ಟಿದವನಿಗೆ ಊರಲ್ಲಿ ಸೂರು ಸಿಗುವುದು ದುಸ್ತರ. ಹಾಗೆಂದು ಅವನ ಭಾಷೆಗೆ ಬೆಲೆಯಿಲ್ಲ ಎನ್ನುವಂತಿಲ್ಲ. 2022ರ ಜನವರಿಯಿಂದ ಯುರೋಪಿಯನ್ ಒಕ್ಕೂಟದಲ್ಲಿ ಐರಿಷ್‌ಗೆ ಪೂರ್ಣ ಸ್ಥಾನ ಸಿಕ್ಕಿದೆ, ಮೀನುಗಾರಿಕೆಯ ನಿಯಮದಿಂದ ಹಿಡಿದು ಎಲ್ಲ ಕಾನೂನೂ ಐರಿಷ್‌ಗೆ ಅನುವಾದವಾಗಬೇಕು. ಕಾನೆಮಾರಾ ಎಂಬ ಗೇಲ್ಟಖ್ತ್ ಸೀಮೆಯ ಹುಡುಗಿಗೆ ಹುಟ್ಟುಭಾಷೆಯಿಂದಲೇ ಒಳ್ಳೆಯ ಸಂಬಳ ಬರುವ ಕಾಲ ಬಂದಿದೆ. ಬ್ರಸೆಲ್ಸ್‌ಗೆ ಹೋಗಬೇಕು, ಅಷ್ಟೇ.